ಎಲ್ಲವನ್ನೂ ಮೆದುಳೇ ಮಾಡುವುದಿಲ್ಲ: ನರಮಂಡಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಶಾಸ್ತ್ರದ ಪಾಠ ಮಾಡುವವರಿಗೆ ಮದುವೆ ಮನೆಯಲ್ಲೂ ಪ್ರಶ್ನೆ ತಪ್ಪುವುದಿಲ್ಲ. ವಿದ್ಯಾರ್ಥಿಗಳು ಕೇಳಿದ್ದು, ನೆಂಟರು ಕೇಳಿದ್ದು, ಕಾಗದ ಬರೆದು ಕೇಳಿದ್ದು ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಮನುಷ್ಯರವು. ಆದರೆ ಮೂಲ ಕಟ್ಟಡ ಹಸು, ಬೆಕ್ಕು, ಇಲಿ, ಆನೆ ಎಲ್ಲಕ್ಕೂ ಒಂದೇ. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿದ್ದು ಒಂದೇ ನಂಬಿಕೆಯನ್ನು: ಮೈಯಲ್ಲಿ ನಡೆಯುವುದನ್ನೆಲ್ಲ ಮೆದುಳೇ ನಡೆಸುತ್ತದೆ ಅನ್ನುವುದು. ಹಾಗಿಲ್ಲ. ಹತ್ತಿರದಲ್ಲಿ ಮುಗಿಯುವ ಕೆಲಸ ಹತ್ತಿರದಲ್ಲೇ ಮುಗಿಯುತ್ತದೆ. ಮುಂದಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ.

## ಮೊದಲಿಗೆ

ಕೈ ಮೇಲೆ ನೀಲಿ ನೀಲಿಯಾಗಿ ಎದ್ದು ಕಾಣುತ್ತಲ್ಲ, ಅದು ನರ ತಾನೇ?

ಅಲ್ಲ, ಅದು ರಕ್ತನಾಳ. ನಮ್ಮ ಆಡುಮಾತಿನಲ್ಲಿ ‘ನರ’ ಅನ್ನುವ ಪದ ಮೂರು ಬೇರೆ ಬೇರೆ ವಸ್ತುಗಳಿಗೆ ಬಳಕೆಯಾಗುತ್ತದೆ. ಸೂಜಿ ಹಿಡಿದು ‘ನರ ಸಿಗ್ತಿಲ್ಲ’ ಅಂದರೆ ಅದು ರಕ್ತನಾಳ. ಹಿಮ್ಮಡಿಯ ಹಿಂದೆ ‘ನರ ಎಳೀತಿದೆ’ ಅಂದರೆ ಬಹಳ ಸಲ ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ. ನಿಜವಾದ ನರ ಬಿಳಿ ದಾರದ ಹಾಗೆ ಇರುತ್ತದೆ. ಸಾಮಾನ್ಯವಾಗಿ ಚರ್ಮದ ಮೇಲಿಂದ ಕಾಣುವುದಿಲ್ಲ.

ಆದರೆ ಒಂದು ನರವನ್ನು ಮುಟ್ಟಿ ನೋಡಬಹುದು. ಮೊಣಕೈಯ ಒಳಬದಿಯಲ್ಲಿ ಉಬ್ಬಿದ ಮೂಳೆ ಇದೆಯಲ್ಲ, ಅದರ ಹಿಂದಿನ ತಗ್ಗಿನಲ್ಲಿ ಬೆರಳಿಟ್ಟು ಮೆಲ್ಲಗೆ ಸರಿಸಿ. ದಾರದಂಥದ್ದು ಜಾರುತ್ತದೆ. ಅದು ಅಲ್ನಾರ್ ನರ. ಬಾಗಿಲಿಗೆ ಮೊಣಕೈ ತಾಗಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ಆಗುವುದು ಇದಕ್ಕೆ ಪೆಟ್ಟು ಬಿದ್ದಾಗ.

ಗೋಡೆ ಜಾಹೀರಾತಿನ ‘ನರ ದೌರ್ಬಲ್ಯ’ದ ಬಗ್ಗೆಯೂ ಕೇಳುತ್ತಾರೆ. ಆ ಹೆಸರಿನ ಒಂದು ಕಾಯಿಲೆ ಇಲ್ಲ. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ದೆಗೇಡು ಹೀಗೆ ಹತ್ತಾರು ಕಾರಣ ಇರುತ್ತವೆ. ಯಾವುದು ಅಂತ ವೈದ್ಯರ ಹತ್ತಿರ ಹೋಗಿ ತಿಳಿಯಬೇಕು, ಗೋಡೆ ಓದಿ ಅಲ್ಲ.

ನರಮಂಡಲದಲ್ಲಿ ಏನೇನಿದೆ? ನೆನಪಿರೋ ಹಾಗೆ ಹೇಳಿ.

ಮೂಳೆಯ ಒಳಗೆ ಏನಿದೆ, ಹೊರಗೆ ಏನಿದೆ ಎಂದು ನೋಡಿ. ತಲೆಬುರುಡೆಯ ಒಳಗೆ ಮೆದುಳು, ಬೆನ್ನುಮೂಳೆಯ ಒಳಗೆ ಬೆನ್ನುಹುರಿ. ಶಾಲೆಯ ಪುಸ್ತಕದಲ್ಲಿ ಇದನ್ನೇ ಮೆದುಳುಬಳ್ಳಿ ಅಂತ ಓದಿರುತ್ತೀರಿ. ಇವೆರಡೂ ಸೇರಿ ಕೇಂದ್ರ ನರಮಂಡಲ. ಮೂಳೆಯಿಂದ ಹೊರಬಂದು ಮೈಯೆಲ್ಲ ಹರಡುವ ನರಗಳು ಪರಿಧಿ ನರಮಂಡಲ. ಮನುಷ್ಯರಲ್ಲಿ ಮೆದುಳಿಗೆ ಸೇರಿದ ನರಗಳು 12 ಜೋಡಿ. ಬೆನ್ನುಹುರಿಯಿಂದ ಹೊರಡುವವು 31 ಜೋಡಿ: ಕುತ್ತಿಗೆಯಲ್ಲಿ 8, ಎದೆಯ ಮಟ್ಟದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5, ಬಾಲದ ಮೂಳೆಯ ಹತ್ತಿರ 1. ಹಸು, ನಾಯಿಗಳಿಗೆ ಬಾಲ ಉದ್ದ, ಹಾಗಾಗಿ ಜೋಡಿಗಳೂ ಜಾಸ್ತಿ. ಕುತ್ತಿಗೆಯ ಲೆಕ್ಕ ಮಾತ್ರ ಹೆಚ್ಚುಕಡಿಮೆ ಎಲ್ಲ ಸಸ್ತನಿಗಳಿಗೂ ಸಮ. ಇಲಿಗೂ ಜಿರಾಫೆಗೂ ಕುತ್ತಿಗೆಯಲ್ಲಿ 7 ಮೂಳೆಗಳೇ. ಮರದಲ್ಲಿ ನೇತಾಡುವ ಸ್ಲಾತ್ ಮತ್ತು ನೀರಿನಲ್ಲಿ ಬದುಕುವ ಮ್ಯಾನಟಿ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನೊಂದು ವಿಂಗಡಣೆ ಕೆಲಸದ ಪ್ರಕಾರ. ಸುದ್ದಿ ತರುವ ಎಳೆಗಳು ಬೇರೆ, ಅಪ್ಪಣೆ ಒಯ್ಯುವ ಎಳೆಗಳು ಬೇರೆ. ಪ್ರತಿ ಬೆನ್ನುನರಕ್ಕೂ ಎರಡು ಬೇರುಗಳಿವೆ. ಬೆನ್ನಿನ ಕಡೆಯ ಬೇರಿನಿಂದ ಸುದ್ದಿ ಒಳಗೆ ಬರುತ್ತದೆ, ಹೊಟ್ಟೆಯ ಕಡೆಯ ಬೇರಿನಿಂದ ಅಪ್ಪಣೆ ಹೊರಗೆ ಹೋಗುತ್ತದೆ. 1822ರಲ್ಲಿ ಫ್ರಾನ್ಸಿನ ಮಜಾಂಡಿ ನಾಯಿಮರಿಗಳಲ್ಲಿ ಈ ಬೇರುಗಳನ್ನು ಒಂದೊಂದಾಗಿ ಕತ್ತರಿಸಿ ಇದನ್ನು ತೋರಿಸಿದರು. ಆ ಕಾಲಕ್ಕೆ ನೋವು ತಿಳಿಯದಂತೆ ಮಾಡುವ ಔಷಧಿ ಇರಲಿಲ್ಲ. ಈ ಒಂದು ಸಾಲಿನ ಹಿಂದೆ ಆ ಮರಿಗಳ ನೋವಿದೆ ಅನ್ನುವುದನ್ನು ನಾನು ತರಗತಿಯಲ್ಲಿ ಹೇಳದೆ ಮುಂದೆ ಹೋಗುವುದಿಲ್ಲ.

ನರ ಬೇರೆ, ನರಕೋಶ ಬೇರೆನಾ?

ಬೇರೆ. ನರಕೋಶ ಒಂದು ಜೀವಕೋಶ. ಅದಕ್ಕೊಂದು ಒಡಲು, ಸುದ್ದಿ ಕೇಳಿಸಿಕೊಳ್ಳುವ ಕವಲುಗಳು ಮತ್ತು ಸುದ್ದಿ ಕಳಿಸುವ ಒಂದು ಉದ್ದ ಬಾಲ. ಆ ಬಾಲದ ಹೆಸರು ಆಕ್ಸಾನ್. ಸಾವಿರಾರು ಆಕ್ಸಾನ್‌ಗಳನ್ನು ಒಟ್ಟಿಗೆ ಕಟ್ಟಿದ ಕಟ್ಟೇ ನರ. ಕಾಲಿನ ಹೆಬ್ಬೆರಳನ್ನು ಆಡಿಸುವ ನರಕೋಶದ ಒಡಲು ಬೆನ್ನುಹುರಿಯ ಕೆಳತುದಿಯಲ್ಲಿದೆ. ಅದರ ಬಾಲ ಪಾದದವರೆಗೆ ಇಳಿದಿದೆ. ಸುಮಾರು ಒಂದು ಮೀಟರ್ ಉದ್ದದ ಒಂದೇ ಒಂದು ಜೀವಕೋಶ!

ನರಕೋಶಗಳು ಬಿಡಿಬಿಡಿಯೋ, ಬಲೆಯ ಹಾಗೆ ಕೂಡಿಕೊಂಡಿವೆಯೋ ಎಂಬ ಜಗಳ 19ನೇ ಶತಮಾನದ ಕೊನೆಗೆ ಜೋರಾಗಿತ್ತು. ಇಟಲಿಯ ಗಾಲ್ಜಿ 1873ರಲ್ಲಿ ಬೆಳ್ಳಿಯ ಉಪ್ಪು ಬಳಸಿ ನರಕೋಶಕ್ಕೆ ಬಣ್ಣ ಹಿಡಿಸಿದರು. ಅದೇ ಬಣ್ಣ ಹಿಡಿದು ಸ್ಪೇನಿನ ಕಹಾಲ್ ಪ್ರತಿ ಕೋಶವೂ ಬಿಡಿ ಎಂದು ಸಾಧಿಸಿದರು. 1906ರ ನೊಬೆಲ್ ಇಬ್ಬರಿಗೂ ಸೇರಿಸಿ ಬಂತು. ಗಾಲ್ಜಿ ಮಾತ್ರ ಬಹುಮಾನದ ಭಾಷಣದಲ್ಲೂ ಬಲೆಯ ವಾದವನ್ನೇ ಹಿಡಿದರು. ಗೆದ್ದಿದ್ದು ಕಹಾಲ್ ಮಾತು.

ನರದಲ್ಲಿ ಹರಿಯೋದು ಮನೆಗೆ ಬರೋ ಕರೆಂಟೇನಾ?

ವಿದ್ಯುತ್ತೇ, ಆದರೆ ತಂತಿಯ ಕರೆಂಟಿನ ಹಾಗಲ್ಲ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ನರಕೋಶದ ಹೊರಗೆ ಜಾಸ್ತಿ, ಪೊಟ್ಯಾಸಿಯಂ ಒಳಗೆ ಜಾಸ್ತಿ. ಸುಮ್ಮನಿದ್ದಾಗ ಒಳಗಿನ ಬದಿ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಸುದ್ದಿ ಬಂದಾಗ ಪೊರೆಯ ಚಿಕ್ಕ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಅದು ಪಕ್ಕದ ಬಾಗಿಲನ್ನು ತೆರೆಸುತ್ತದೆ. ಹೀಗೆ ಅಲೆ ಮುಂದೆ ಸಾಗುತ್ತದೆ.

ವೇಗ ಎಲ್ಲ ಎಳೆಗಳಿಗೂ ಒಂದೇ ಅಲ್ಲ. ದಪ್ಪ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಸುತ್ತು ಇರುತ್ತದೆ. ಅಲ್ಲಿ ಅಲೆ ಸುತ್ತಿನ ನಡುವಿನ ಸಂದಿಯಿಂದ ಸಂದಿಗೆ ನೆಗೆಯುತ್ತದೆ, ಸೆಕೆಂಡಿಗೆ 120 ಮೀಟರ್‌ವರೆಗೆ. ಸುತ್ತಿಲ್ಲದ ಸಣ್ಣ ಎಳೆಗಳಲ್ಲಿ ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್ ಅಷ್ಟೇ. ಕಾಲ್ಬೆರಳನ್ನು ಹೊಸ್ತಿಲಿಗೆ ಎಡವಿದಾಗ ಗಮನಿಸಿ. ಮೊದಲು ತಾಗಿದ್ದು ಗೊತ್ತಾಗುತ್ತದೆ. ಆಮೇಲೆ ಚುರುಕ್ಕೆನ್ನುವ ನೋವು. ಒಂದು ಗಳಿಗೆ ಬಿಟ್ಟು ಉರಿಯುವ, ಮಿಡಿಯುವ ನೋವು ಬರುತ್ತದೆ. ಮೂರೂ ಒಂದೇ ಪೆಟ್ಟಿನವು, ಬಂದ ದಾರಿ ಮಾತ್ರ ಬೇರೆ.

ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವಾಗ ಹೆಚ್ಚಿನ ಕಡೆ ವಿದ್ಯುತ್ತು ನಿಂತು ರಸಾಯನ ಕೆಲಸಕ್ಕೆ ಬರುತ್ತದೆ. ಇದನ್ನು 1921ರಲ್ಲಿ ಆಟೊ ಲೋವಿ ಎರಡು ಕಪ್ಪೆಗಳ ಹೃದಯ ಇಟ್ಟು ತೋರಿಸಿದರು. ಒಂದರ ವೇಗಸ್ ನರಕ್ಕೆ, ಅಂದರೆ ಮೆದುಳಿನಿಂದ ಹೃದಯಕ್ಕೆ ಬರುವ ನರಕ್ಕೆ, ಕರೆಂಟ್ ಕೊಟ್ಟು ಬಡಿತ ನಿಧಾನ ಮಾಡಿದರು. ಅದು ಮುಳುಗಿದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ಈ ಪ್ರಯೋಗ ತಮಗೆ ಕನಸಿನಲ್ಲಿ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಸಸ್ತನಿಗಳ ಹೃದಯಕ್ಕೂ ಇದೇ ಮಾತು ಸಲ್ಲುತ್ತದೆ.

## ಬೆನ್ನುಹುರಿಯ ಸುತ್ತ

ಬಿಸಿ ತವಾ ಮುಟ್ಟಿದ ತಕ್ಷಣ ಕೈ ಎಳ್ಕೋತೀವಿ. ಮೆದುಳು ಅಷ್ಟು ಬೇಗ ಹೇಗೆ ಹೇಳುತ್ತೆ?

ಹೇಳುವುದೇ ಇಲ್ಲ. ಬಿಸಿಯ ಸುದ್ದಿ ಬೆನ್ನುಹುರಿಗೆ ಬಂದಾಗ ಅಲ್ಲೇ ಒಂದೆರಡು ಮಧ್ಯವರ್ತಿ ಕೋಶಗಳ ಮೂಲಕ ತೋಳಿನ ಸ್ನಾಯುವಿಗೆ ಅಪ್ಪಣೆ ಹೊರಡುತ್ತದೆ. ಸುದ್ದಿಯ ಇನ್ನೊಂದು ಪ್ರತಿ ಮೆದುಳಿಗೆ ಹೋಗುತ್ತದೆ. ಅದು ತಲುಪಿ ‘ಅಯ್ಯೋ’ ಅನ್ನುವಷ್ಟರಲ್ಲಿ ಕೈ ಹಿಂದೆ ಬಂದಿರುತ್ತದೆ. ಕೆರೆಯ ತೂಬು ಎತ್ತಲು ನೀರುಗಂಟಿ ತಾಲ್ಲೂಕು ಕಚೇರಿಗೆ ಹೋಗಿ ಕೇಳುವುದಿಲ್ಲವಲ್ಲ, ಹಾಗೆ.

ಡಾಕ್ಟರು ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಒದೆಯುವುದು ಇನ್ನೂ ಸರಳ. ಅಲ್ಲಿ ಮಧ್ಯವರ್ತಿಯೂ ಇಲ್ಲ. ಸುದ್ದಿ ತಂದ ಕೋಶ ನೇರವಾಗಿ ಸ್ನಾಯುವನ್ನು ಆಡಿಸುವ ನರಕೋಶಕ್ಕೆ ತಿಳಿಸುತ್ತದೆ. ಹಾಗಂತ ಮೆದುಳಿಗೆ ಅಧಿಕಾರವೇ ಇಲ್ಲ ಅಂತಲ್ಲ. ಕೈಯಲ್ಲಿರುವುದು ಬಿಸಿ ಕಾಫಿ ಲೋಟ, ಕೆಳಗೆ ಮಗು ಮಲಗಿದೆ ಅಂದುಕೊಳ್ಳಿ. ಸುಟ್ಟರೂ ಹಿಡಿದೇ ಇರುತ್ತೀರಿ. ಮೇಲಿನಿಂದ ಬಂದ ತಡೆ ಬೆನ್ನುಹುರಿಯ ತೀರ್ಮಾನವನ್ನು ಹಿಡಿದು ನಿಲ್ಲಿಸಿತು.

ಸರ್ಪಸುತ್ತು ಪಟ್ಟಿ ಕಟ್ಟಿದ ಹಾಗೆ ಯಾಕೆ ಬರುತ್ತೆ? ತಲೆ ಬಾಲ ಕೂಡಿದ್ರೆ ಜೀವಕ್ಕೆ ಅಪಾಯ ಅಂತಾರೆ.

ಈ ಪ್ರಶ್ನೆ ಕೇಳುವವರ ಮುಖದಲ್ಲಿ ಭಯ ಇರುತ್ತದೆ. ಹಾಗಾಗಿ ಮೊದಲು ಅದಕ್ಕೇ ಉತ್ತರ: ತಲೆ ಬಾಲ ಕೂಡುವ ಮಾತು ಸುಳ್ಳು.

ಚಿಕನ್‌ಪಾಕ್ಸ್ ಬಂದು ಹೋದ ಮೇಲೆ ಅದರ ವೈರಸ್ ಪೂರ್ತಿ ಹೋಗುವುದಿಲ್ಲ. ನಾನು ಮೇಲೆ ಹೇಳಿದ ಹಿಂಬದಿಯ ಬೇರುಗಳಲ್ಲಿ ಸುದ್ದಿ ತರುವ ಕೋಶಗಳ ಒಡಲುಗಳು ಗಂಟಿನ ಹಾಗೆ ಕೂತಿರುತ್ತವೆ. ವೈರಸ್ ಅಲ್ಲಿ ಹತ್ತಾರು ವರ್ಷ ಮಲಗಿರುತ್ತದೆ. ವಯಸ್ಸಾಗಿ ಅಥವಾ ಕಾಯಿಲೆಯಿಂದ ಮೈಯ ಶಕ್ತಿ ಕುಂದಿದಾಗ ಯಾವುದೋ ಒಂದು ಗಂಟಿನಲ್ಲಿ ಎದ್ದು, ಆ ನರದ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ. ಪ್ರತಿ ಬೆನ್ನುನರಕ್ಕೂ ಚರ್ಮದಲ್ಲಿ ತನ್ನದೇ ಪಟ್ಟಿ ಇದೆ. ಎದೆ, ಹೊಟ್ಟೆಯ ಮೇಲೆ ಈ ಪಟ್ಟಿಗಳು ಪಂಚೆಯ ಅಂಚಿನ ಹಾಗೆ ಒಂದರ ಕೆಳಗೊಂದು ಬರುತ್ತವೆ. ಹೊಕ್ಕುಳಿನ ಮಟ್ಟದ್ದು ಎದೆಯ 10ನೇ ನರ. ಗುಳ್ಳೆಗಳು ಆ ಪಟ್ಟಿಯನ್ನು ತುಂಬುತ್ತವೆ, ನೋಡಿದವರಿಗೆ ಹಾವು ಸುತ್ತಿದ ಹಾಗೆ ಕಾಣುತ್ತದೆ.

ಎಡ ಬಲಕ್ಕೆ ಬೇರೆ ಬೇರೆ ನರ. ಒಂದು ಕಡೆಯ ಗಂಟಿನಲ್ಲಿ ಎದ್ದ ವೈರಸ್ ಸಾಮಾನ್ಯವಾಗಿ ಮೈಯ ನಡುಗೆರೆಯಲ್ಲೇ ನಿಲ್ಲುತ್ತದೆ. ಅಪರೂಪಕ್ಕೆ ಎರಡೂ ಕಡೆ ಬಂದರೆ ರೋಗನಿರೋಧಕ ಶಕ್ತಿ ಕಡಿಮೆಯಾಗಿದೆಯೇ ಎಂದು ನೋಡಿಸಬೇಕು, ಅಷ್ಟೇ. ನಿಜವಾಗಿ ಹುಷಾರಾಗಬೇಕಾದ್ದು ಕಣ್ಣಿನ ಸುತ್ತ ಬಂದಾಗ, ದೃಷ್ಟಿಗೆ ತೊಂದರೆ ಆಗಬಹುದು. ಗುಳ್ಳೆ ಕಂಡ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಗುಣ ಜಾಸ್ತಿ. ಕೆಮ್ಮಣ್ಣು ಹಚ್ಚಿಕೊಂಡು ಕಾಯುತ್ತಾ ಕೂತರೆ ಆ ಮೂರು ದಿನ ಕಳೆದುಹೋಗುತ್ತದೆ.

ಸಿಜೇರಿಯನ್‌ಗೆ ಬೆನ್ನಿಗೆ ಸೂಜಿ ಚುಚ್ತಾರಲ್ಲ, ಬೆನ್ನುಹುರಿಗೆ ಪೆಟ್ಟಾಗಲ್ವಾ?

ಸೂಜಿ ಹೋಗುವ ಜಾಗದಲ್ಲಿ ಬೆನ್ನುಹುರಿ ಇರುವುದಿಲ್ಲ. ಭ್ರೂಣದಲ್ಲಿ ಮೊದಮೊದಲು ಬೆನ್ನುಹುರಿ ಬೆನ್ನುಮೂಳೆಯಷ್ಟೇ ಉದ್ದ. ಆಮೇಲೆ ಮೂಳೆ ಬೇಗ ಬೆಳೆಯುತ್ತದೆ, ಹುರಿ ಹಿಂದೆ ಉಳಿಯುತ್ತದೆ. ದೊಡ್ಡವರಲ್ಲಿ ಹುರಿ ಸೊಂಟದ 1ನೇ ಅಥವಾ 2ನೇ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ 3 ಮತ್ತು 4ನೇ ಅಥವಾ 4 ಮತ್ತು 5ನೇ ಮೂಳೆಯ ನಡುವೆ. ಅಲ್ಲಿ ದ್ರವದಲ್ಲಿ ತೇಲುವ ನರಗಳ ಗೊಂಚಲು ಮಾತ್ರ ಇದೆ. ಅದಕ್ಕೆ ಕುದುರೆಬಾಲ ಅಂತಲೇ ಹೆಸರು. ಸೂಜಿ ಬಂದರೆ ಎಳೆಗಳು ಪಕ್ಕಕ್ಕೆ ಸರಿಯುತ್ತವೆ.

ಚಕ್ಕಳಮಕ್ಕಳ ಹಾಕಿ ಕೂತ್ರೆ ಕಾಲು ಜೋಮು ಹಿಡಿಯೋದು ರಕ್ತ ನಿಂತುಹೋಗಿದ್ದಕ್ಕಾ?

ಬಹುಪಾಲು ನರ ಒತ್ತಿಹೋಗಿದ್ದಕ್ಕೆ. ಒತ್ತಿದ ಜಾಗದಲ್ಲಿ ನರಕ್ಕೆ ಸೇರಬೇಕಾದ ರಕ್ತ ಕಡಿಮೆಯಾಗಿ ಸುದ್ದಿ ಸಾಗುವುದಿಲ್ಲ. ಎದ್ದಾಗ ಎಳೆಗಳು ಮತ್ತೆ ಚುರುಕಾಗುತ್ತವೆ, ಆದರೆ ಹದ ತಪ್ಪಿ ಸುಮ್ನೆ ಸುದ್ದಿ ಕಳಿಸುತ್ತವೆ. ಅದೇ ಇರುವೆ ಹರಿದ ಹಾಗೆ ಆಗುವುದು. ಊಟದ ಪಂಕ್ತಿಯಿಂದ ಎದ್ದಾಗ ಬರುವ ಜೋಮಿಗೆ ಹೆದರಬೇಕಿಲ್ಲ. ಕೂರದೆಯೂ ದಿನಾ ಬರುತ್ತಿದ್ದರೆ ತೋರಿಸಬೇಕು.

ಕರು ಹುಟ್ಟಿದ ಗಂಟೆಯೊಳಗೆ ಎದ್ದು ನಿಲ್ಲುತ್ತೆ. ನಮ್ಮ ಮಕ್ಕಳಿಗೆ ಯಾಕೆ ವರ್ಷ ಬೇಕು?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಹಸು ಸಾಕಿದವರೇ ಇದನ್ನು ಕೇಳುತ್ತಾರೆ.

ನಡಿಗೆಯ ತಾಳ ಬೆನ್ನುಹುರಿಯಲ್ಲೇ ಇದೆ. 1911ರಲ್ಲಿ ಗ್ರಹಾಂ ಬ್ರೌನ್ ಇದನ್ನು ಬೆಕ್ಕುಗಳಲ್ಲಿ ತೋರಿಸಿದರು. ಮೆದುಳಿನ ಸಂಪರ್ಕ ಕತ್ತರಿಸಿ, ಕಾಲಿನಿಂದ ಬರುವ ಸುದ್ದಿಯನ್ನೂ ಕತ್ತರಿಸಿದರು. ಆದರೂ ಕಾಲಿನ ಸ್ನಾಯುಗಳು ಹೆಜ್ಜೆಯ ತಾಳದಲ್ಲಿ ಒಂದಾದ ಮೇಲೊಂದು ಬಿಗಿದವು. 1966ರಲ್ಲಿ ಸೋವಿಯತ್ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೇಲಿನ ಮೆದುಳಿನ ಸಂಪರ್ಕ ತಪ್ಪಿಸಿದ ಬೆಕ್ಕನ್ನು ಓಡುವ ಪಟ್ಟಿಯ ಮೇಲಿಟ್ಟು, ಬೆನ್ನುಹುರಿಗೆ ಸೇರುವ ಮೆದುಳಿನ ಬುಡದ ಭಾಗ, ಅಂದರೆ ಮೆದುಳಿನ ಕಾಂಡದ ಒಂದು ಜಾಗಕ್ಕೆ ಕರೆಂಟ್ ಕೊಟ್ಟರು. ಬೆಕ್ಕು ನಡೆಯಿತು. ಕರೆಂಟ್ ಜಾಸ್ತಿ ಮಾಡಿದಾಗ ಓಡಿತು, ಇನ್ನೂ ಜಾಸ್ತಿ ಮಾಡಿದಾಗ ನಾಗಾಲೋಟಕ್ಕೆ ಬಂತು. ಅಂದರೆ ಮೇಲಿನಿಂದ ‘ನಡಿ’, ‘ಓಡು’ ಅಂದರೆ ಸಾಕು. ಯಾವ ಸ್ನಾಯು ಯಾವಾಗ ಎಂಬುದನ್ನು ಕೆಳಗಿನವರೇ ನೋಡಿಕೊಳ್ಳುತ್ತಾರೆ.

ಕರುವಿನಲ್ಲಿ ಈ ವ್ಯವಸ್ಥೆ ಹುಟ್ಟುವಾಗಲೇ ಸಿದ್ಧವಾಗಿರುತ್ತದೆ. ಕಾಡಿನಲ್ಲಿ ಎದ್ದು ಓಡದ ಮರಿ ಉಳಿಯುವುದಿಲ್ಲ. ನಮ್ಮ ಮಗುವಿನಲ್ಲೂ ತಾಳ ಇದೆ. ಹುಟ್ಟಿದ ಕೂಸನ್ನು ಎತ್ತಿ ಹಿಡಿದು ಪಾದ ನೆಲಕ್ಕೆ ತಾಗಿಸಿ ನೋಡಿ, ಹೆಜ್ಜೆ ಹಾಕಿದ ಹಾಗೆ ಕಾಲು ಆಡಿಸುತ್ತದೆ. ಇಲ್ಲದ್ದು ಸಮತೋಲ, ಬಲ, ಮತ್ತು ಮೆದುಳಿನ ಹೊರಪದರದಿಂದ ಬೆನ್ನುಹುರಿಗೆ ಇಳಿಯುವ ದೊಡ್ಡ ದಾರಿ. ಆ ದಾರಿಗೆ ಮಯಲಿನ್ ಸುತ್ತಿಕೊಳ್ಳಲು ಸುಮಾರು ಎರಡು ವರ್ಷ ಬೇಕು. ಹಸು, ಕುದುರೆಗಳಲ್ಲಿ ಈ ದಾರಿ ಕುತ್ತಿಗೆಯ ಮಟ್ಟದ ಆಚೆ ಹೆಚ್ಚು ಹೋಗುವುದೇ ಇಲ್ಲ, ಗೊರಸು ಎತ್ತಿಡಲು ಅಷ್ಟು ಸೂಕ್ಷ್ಮ ಹಿಡಿತ ಬೇಡ. ನಮ್ಮಲ್ಲಿ ಅದು ಕೆಳತುದಿಯವರೆಗೆ ಇಳಿದು, ಬೆರಳು ಆಡಿಸುವ ಕೋಶಗಳನ್ನು ನೇರವಾಗಿ ಮುಟ್ಟುತ್ತದೆ. ಮಲ್ಲಿಗೆ ಮೊಗ್ಗು ಕಟ್ಟುವ ಬೆರಳು ಬೇಕಾದರೆ ತಡವಾಗಿಯೇ ನಡೆಯಬೇಕು.

## ನಮ್ಮನ್ನು ಕೇಳದೆ ನಡೆಯುವ ಕೆಲಸ

ಹೆದರಿಕೆ ಆದಾಗ ಬಾಯಿ ಒಣಗಿ ಎದೆ ಹೊಡ್ಕೊಳ್ಳೋದು ಯಾಕೆ?

ಒಳಗಿನ ಅಂಗಗಳಿಗೆ ಎರಡು ಕಡೆಯಿಂದ ನರಗಳು ಬರುತ್ತವೆ. ಸಿಂಪಥೆಟಿಕ್ ನರಗಳು ಬೆನ್ನುಹುರಿಯ ಮಧ್ಯಭಾಗದಿಂದ ಹೊರಡುತ್ತವೆ. ಅಪಾಯ ಕಂಡಾಗ ಹೃದಯ ಚುರುಕು, ಕಣ್ಣಿನ ಪಾಪೆ ಅಗಲ, ಸ್ನಾಯುಗಳಿಗೆ ರಕ್ತ ಜಾಸ್ತಿ, ಜೀರ್ಣದ ಕೆಲಸ ಸದ್ಯಕ್ಕೆ ಬಂದ್. ಪ್ಯಾರಾಸಿಂಪಥೆಟಿಕ್ ನರಗಳು ಎರಡು ತುದಿಗಳಿಂದ, ಅಂದರೆ ಮೆದುಳಿನ ಕಾಂಡದಿಂದ ಮತ್ತು ಬೆನ್ನುಹುರಿಯ ಬುಡದಿಂದ ಬರುತ್ತವೆ. ಉಂಡು ಕೂತಾಗ ನೀರೂರುವ ಬಾಯಿ, ನಿಧಾನದ ಎದೆಬಡಿತ, ಕರುಳಿನ ಓಡಾಟ ಇವುಗಳ ಪಾಲಿನದು. ಹೆದರಿದಾಗ ತಕ್ಕಡಿ ಮೊದಲನೆಯದರ ಕಡೆ ವಾಲುತ್ತದೆ, ಎಂಜಲು ಕಡಿಮೆಯಾಗುತ್ತದೆ. ಪರೀಕ್ಷೆಯ ದಿನ ಬಾಯಿ ಒಣಗುವ ಹುಡುಗಿಗೂ ನಾಯಿ ಅಟ್ಟಿಸಿದ ಬೆಕ್ಕಿಗೂ ಒಳಗೆ ನಡೆಯುವುದು ಒಂದೇ.

ಹೊಟ್ಟೆಗೂ ಒಂದು ಮೆದುಳಿದೆ ಅಂತಾರೆ, ನಿಜಾನಾ?

ಯೋಚನೆ ಮಾಡುವ ಮೆದುಳಲ್ಲ. ಆದರೆ ಅನ್ನನಾಳದಿಂದ ಗುದದವರೆಗೆ ಗೋಡೆಯೊಳಗೆ ಎರಡು ನರಜಾಲಗಳಿವೆ. ನರಕೋಶಗಳ ಸಂಖ್ಯೆ 10 ಕೋಟಿಗೂ ಹೆಚ್ಚು. 1899ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ನೋಡಿದರು. ಒಳಗಿನದ್ದನ್ನು ಮುಂದೆ ತಳ್ಳುವ ಅಲೆ ನಿಲ್ಲಲಿಲ್ಲ. ಮೆದುಳು, ಬೆನ್ನುಹುರಿ ಎರಡನ್ನೂ ಕೇಳದೆ ಇಷ್ಟು ಕೆಲಸ ಮಾಡುವ ಭಾಗ ನರಮಂಡಲದಲ್ಲಿ ಬೇರೆ ಇಲ್ಲ.

ಈ ಜಾಲ ಇಲ್ಲದಿದ್ದರೆ ಏನಾಗುತ್ತದೆ? ಕೆಲವು ಮಕ್ಕಳು ದೊಡ್ಡಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿಲ್ಲದೆ ಹುಟ್ಟುತ್ತವೆ. ಆ ತುಂಡು ಸಡಿಲಗೊಳ್ಳುವುದೇ ಇಲ್ಲ, ಮಲ ಹಿಂದೆ ಕಟ್ಟಿಕೊಳ್ಳುತ್ತದೆ. ಆಪರೇಷನ್ ಮಾಡಿ ಆ ತುಂಡನ್ನು ತೆಗೆಯಬೇಕಾಗುತ್ತದೆ. ಹುಟ್ಟಿದ ಕೂಸು ಎರಡು ದಿನವಾದರೂ ಮಲ ಮಾಡದಿದ್ದರೆ ಡಾಕ್ಟರು ಗಾಬರಿಯಾಗುವುದು ಇದಕ್ಕೇ.

ಹಸುವಿನ ವಿಷಯ ಸ್ವಲ್ಪ ಬೇರೆ. ಅದರ ಮೊದಲ ಹೊಟ್ಟೆಗಳ ಕದಲಿಕೆಗೆ ಮೆದುಳಿನ ಕಾಂಡದಿಂದ ಬರುವ ವೇಗಸ್ ನರ ಬೇಕೇ ಬೇಕು. ಮೇವಿನ ಜೊತೆ ತಂತಿ ಚೂರು ನುಂಗಿ ಒಳಗೆ ಕೀವಾಗಿ ಆ ನರಕ್ಕೆ ತೊಂದರೆಯಾದರೆ ಹೊಟ್ಟೆ ಉಬ್ಬುತ್ತದೆ, ಮೆಲುಕು ನಿಲ್ಲುತ್ತದೆ.

## ಮೆದುಳು

ಮಗು ಆಗೋಕೆ ಮುಂಚೆನೇ ಫೋಲಿಕ್ ಆಸಿಡ್ ಮಾತ್ರೆ ತಗೊಳ್ಳಿ ಅಂತಾರಲ್ಲ, ಅದಕ್ಕೂ ಮೆದುಳಿಗೂ ಏನು ಸಂಬಂಧ?

ಮೆದುಳೂ ಬೆನ್ನುಹುರಿಯೂ ಶುರುವಾಗುವುದು ಒಂದೇ ಕೊಳವೆಯಾಗಿ. ಭ್ರೂಣದ ಬೆನ್ನಿನ ಮೇಲಿನ ಹಾಳೆ ಮಡಚಿ, ಅಂಚುಗಳು ಕೂಡಿ ಕೊಳವೆಯಾಗುತ್ತದೆ. ಗರ್ಭ ಕಟ್ಟಿದ ಸುಮಾರು 28 ದಿನದಲ್ಲಿ ಇದು ಮುಗಿದಿರುತ್ತದೆ. ಆಗಿನ್ನೂ ಎಷ್ಟೋ ತಾಯಂದಿರಿಗೆ ಗರ್ಭಿಣಿ ಅಂತಲೇ ಗೊತ್ತಿರುವುದಿಲ್ಲ. ಸರಿಯಾಗಿ ಕೂಡದಿದ್ದರೆ ಬೆನ್ನಿನಲ್ಲಿ ಬಿರುಕು ಉಳಿಯುತ್ತದೆ, ಇಲ್ಲವೇ ಮೆದುಳೇ ಬೆಳೆಯುವುದಿಲ್ಲ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಈ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆ. ಅದಕ್ಕೇ ಮುಂಚೆಯೇ ಶುರು ಮಾಡಬೇಕು.

ಆ ಕೊಳವೆಯಿಂದ ಮೆದುಳಿನ ಭಾಗಗಳು ಹೇಗಾಗುತ್ತವೆ?

ಕೊಳವೆಯ ಮುಂತುದಿಯಲ್ಲಿ ಮೂರು ಉಬ್ಬು ಏಳುತ್ತವೆ. ಹಿಂದಿನ ಉಬ್ಬಿನಿಂದ ಉಸಿರು, ಎದೆಬಡಿತ ನೋಡಿಕೊಳ್ಳುವ ಮೆಡುಲ್ಲಾ, ಅದರ ಮುಂದಿನ ಪಾನ್ಸ್, ಮತ್ತು ಚಲನೆಯ ಹದ ತಿದ್ದುವ ಕಿರುಮೆದುಳು. ನಡುವಿನ ಉಬ್ಬು ಚಿಕ್ಕದಾಗಿಯೇ ಉಳಿದು ಕಣ್ಣಿಗೆ ಕಂಡದ್ದರ, ಕಿವಿಗೆ ಕೇಳಿದ್ದರ ಕಡೆ ತಲೆ ತಿರುಗಿಸುವ ಕೆಲಸ ಮಾಡುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ಡೋಪಮೈನ್ ಕೋಶಗಳು ಇರುವುದೂ ಇಲ್ಲೇ. ಮುಂದಿನ ಉಬ್ಬು ಮಾತ್ರ ವಿಪರೀತ ಬೆಳೆಯುತ್ತದೆ. ಅದರೊಳಗೆ ಥಲಾಮಸ್ ಇದೆ. ವಾಸನೆ ಒಂದನ್ನು ಬಿಟ್ಟು ಉಳಿದ ಎಲ್ಲ ಇಂದ್ರಿಯಗಳ ಸುದ್ದಿ ಅಲ್ಲಿಂದಲೇ ಮೇಲೆ ಹೋಗಬೇಕು. ಅದರ ಕೆಳಗೆ ಹಸಿವು, ಬಾಯಾರಿಕೆ, ಮೈ ಬಿಸಿ ನೋಡುವ ಹೈಪೊಥಲಾಮಸ್. ಎಲ್ಲದರ ಮೇಲೆ ಹಿರಿಮೆದುಳಿನ ಎರಡು ಅರ್ಧಗಳು.

ನಿಜವಾದ ಮೆದುಳು ನೋಡಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಸಾರ್ವಜನಿಕರಿಗೂ ಪ್ರವೇಶವಿದೆ. ರಾಸಾಯನಿಕದಲ್ಲಿ ಇಟ್ಟ ಮೆದುಳು ಗಟ್ಟಿಯಾಗಿರುತ್ತದೆ. ಜೀವಂತ ಮೆದುಳು ಗಿಣ್ಣಿನಷ್ಟು ಮೆತ್ತಗೆ. 1,400 ಗ್ರಾಂ ತೂಕದ ಅದು ತನ್ನ ಸುತ್ತಲಿನ ದ್ರವದಲ್ಲಿ ತೇಲುವಾಗ 50 ಗ್ರಾಂನಷ್ಟು ಹಗುರ. ಇಲ್ಲದಿದ್ದರೆ ತನ್ನ ಭಾರಕ್ಕೆ ತಾನೇ ಜಜ್ಜಿಹೋಗುತ್ತಿತ್ತು.

ಬಲಗಡೆ ಲಕ್ವ ಹೊಡೆದ್ರೆ ಎಡ ಮೆದುಳಿಗೆ ತೊಂದರೆ ಅಂತಾರೆ. ಅದು ಹೇಗೆ?

ಹೊರಪದರದಿಂದ ಇಳಿಯುವ ಎಳೆಗಳಲ್ಲಿ ಹೆಚ್ಚಿನವು ಮೆಡುಲ್ಲಾದ ಕೆಳತುದಿಯಲ್ಲಿ ಒಂದನ್ನೊಂದು ದಾಟಿ ಆಚೆ ಬದಿಗೆ ಹೋಗುತ್ತವೆ. ಹಾಗಾಗಿ ಎಡ ಮೆದುಳು ಬಲಗೈಯನ್ನು ಆಡಿಸುತ್ತದೆ. ಬಲಗಡೆ ಬಿದ್ದವರಿಗೆ ಮಾತೂ ಹೋಗುವುದು ಹೆಚ್ಚು, ಯಾಕೆಂದರೆ ಬಹುಪಾಲು ಜನರಲ್ಲಿ ಮಾತಿನ ಜಾಗ ಎಡಕ್ಕಿದೆ. 1861ರಲ್ಲಿ ಪ್ಯಾರಿಸ್ಸಿನ ಬ್ರೋಕಾ ‘ಟಾನ್’ ಎಂಬುದನ್ನು ಬಿಟ್ಟು ಹೆಚ್ಚೇನೂ ಹೇಳಲಾಗದ ರೋಗಿಯ ಮೆದುಳಿನಲ್ಲಿ ಆ ಜಾಗವನ್ನು ಗುರುತಿಸಿದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬಾಯಿ ಸೊಟ್ಟ, ಕೈ ಜೋಲು, ಮಾತು ತೊದಲು, ಇವುಗಳಲ್ಲಿ ಒಂದು ಕಂಡರೂ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮೊದಲು ಎಣ್ಣೆ ತಿಕ್ಕಿಸೋಣ, ಬೆಳಿಗ್ಗೆ ನೋಡೋಣ ಅಂದವರ ಮನೆಯ ನೋವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಆನೆ ಮೆದುಳು ನಮ್ಮದಕ್ಕಿಂತ ಮೂರು ಪಟ್ಟು ದೊಡ್ಡದು. ಹಾಗಾದ್ರೆ ಬುದ್ಧಿನೂ ಜಾಸ್ತಿ ಇರಬೇಕಲ್ವಾ?

ತೂಕಕ್ಕಿಂತ ಕೋಶಗಳು ಎಲ್ಲಿವೆ ಎಂಬುದು ಮುಖ್ಯ. ಬ್ರೆಜಿಲ್‌ನ ಸುಜಾನಾ ಹೆರ್ಕುಲಾನೊ ಹೌಜೆಲ್ ಮೆದುಳನ್ನು ಕರಗಿಸಿ, ಕೋಶಕೇಂದ್ರಗಳನ್ನು ಎಣಿಸುವ ವಿಧಾನ ತಂದರು. ಅದರ ಪ್ರಕಾರ ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ. ಆಫ್ರಿಕದ ಆನೆಗೆ 25,700 ಕೋಟಿ. ಆದರೆ ಆನೆಯಲ್ಲಿ 25,100 ಕೋಟಿ ಕಿರುಮೆದುಳಿನಲ್ಲೇ ಇವೆ. ಹೊರಪದರದಲ್ಲಿ ಇರುವುದು ಸುಮಾರು 560 ಕೋಟಿ. ನಮ್ಮ ಹೊರಪದರದಲ್ಲಿ 1,600 ಕೋಟಿ.

ಅಷ್ಟೊಂದು ಕೋಶ ಕಿರುಮೆದುಳಿನಲ್ಲಿ ಯಾಕೆ? ಮೂಳೆಯೇ ಇಲ್ಲದ, ಮರವನ್ನೂ ಎತ್ತುವ, ನೆಲದ ಮೇಲಿನ ಕಡಲೆಕಾಯಿಯನ್ನೂ ಹೆಕ್ಕುವ ಸೊಂಡಿಲಿನ ಹಿಡಿತಕ್ಕೆ ಇರಬಹುದು ಎಂಬುದು ಒಂದು ಊಹೆ. ದುಬಾರೆಯಲ್ಲಿ ಆನೆ ಬೆಲ್ಲ ತಿನ್ನುವುದನ್ನು ನೋಡಿದವರಿಗೆ ಅದು ಒಪ್ಪುವ ಮಾತು.

ಹಕ್ಕಿ, ಹಾವುಗಳಲ್ಲಿ ಇಲ್ಲದ್ದು ಸಸ್ತನಿಗಳ ಮೆದುಳಲ್ಲಿ ಏನಿದೆ?

ಮುಖ್ಯವಾಗಿ ಆರು ಪದರದ ಹೊರಪದರ. ಮನುಷ್ಯರಲ್ಲಿ ಅದರ ದಪ್ಪ 2ರಿಂದ 4 ಮಿಲಿಮೀಟರ್ ಅಷ್ಟೇ. ನಮ್ಮಲ್ಲಿ ಅದು ಮಡಿಕೆ ಮಡಿಕೆಯಾಗಿದೆ, ಇಲಿಯಲ್ಲಿ ನುಣ್ಣಗಿದೆ. 1909ರಲ್ಲಿ ಜರ್ಮನಿಯ ಬ್ರಾಡ್‌ಮನ್ ಪದರಗಳ ವ್ಯತ್ಯಾಸ ನೋಡಿ ಅದನ್ನು ಪ್ರದೇಶಗಳಾಗಿ ವಿಂಗಡಿಸಿದರು. ಇಂದಿಗೂ ಅವರ ನಂಬರುಗಳೇ ಬಳಕೆಯಲ್ಲಿವೆ.

ಈ ಪದರದ ಮೇಲೆ ಮೈಯ ನಕ್ಷೆ ಇದೆ. ಯಾವ ಪ್ರಾಣಿಗೆ ಯಾವ ಅಂಗ ಮುಖ್ಯವೋ ಅದಕ್ಕೆ ಹೆಚ್ಚು ಜಾಗ. ನಮ್ಮಲ್ಲಿ ತುಟಿ, ಬೆರಳುಗಳಿಗೆ. ಇಲಿಯಲ್ಲಿ ಮೀಸೆಗೆ. 1970ರಲ್ಲಿ ವೂಲ್ಸಿ ಮತ್ತು ವ್ಯಾನ್ ಡರ್ ಲೋಸ್ ಇಲಿಯ ಮೆದುಳಿನಲ್ಲಿ ಪ್ರತಿ ಮೀಸೆಕೂದಲಿಗೂ ಒಂದೊಂದು ಪೀಪಾಯಿ ಆಕಾರದ ಕೋಶಗುಂಪು ಇರುವುದನ್ನು ತೋರಿಸಿದರು. ಮುಖದ ಮೇಲೆ ಕೂದಲು ನಿಂತ ಸಾಲಿನಲ್ಲೇ ಒಳಗೆ ಪೀಪಾಯಿಗಳೂ ನಿಂತಿವೆ.

ಎರಡು ಅರ್ಧಗಳನ್ನು ಜೋಡಿಸುವ ದೊಡ್ಡ ಸೇತುವೆ, ಕಾರ್ಪಸ್ ಕಲೋಸಮ್, ಎಲ್ಲ ಸಸ್ತನಿಗಳಿಗೂ ಇಲ್ಲ. ಕಾಂಗರೂ, ಪ್ಲಾಟಿಪಸ್‌ಗಳು ಬೇರೆ ಸಣ್ಣ ಸೇತುವೆಯಲ್ಲೇ ಕೆಲಸ ನಡೆಸುತ್ತವೆ. ಮೆದುಳಿನ ಒಳಗೆ ಹಾವಿನ ಮೆದುಳು, ಅದರ ಮೇಲೆ ಪ್ರಾಣಿಯ ಮೆದುಳು, ಅದರ ಮೇಲೆ ಮನುಷ್ಯನ ಮೆದುಳು ಎಂಬ ಮಾತು ಭಾಷಣಗಳಲ್ಲಿ ಬಹಳ ಕೇಳುತ್ತದೆ. ಅದನ್ನು ಬಿಟ್ಟುಬಿಡಿ. ಹಾವಿಗೂ ಮುಂಮೆದುಳಿದೆ. ಹೊಸದನ್ನು ಹಳೆಯದರ ಮೇಲೆ ಪೇರಿಸಿದ್ದಲ್ಲ, ಇದ್ದ ಭಾಗಗಳೇ ಒಂದೊಂದು ಗುಂಪಿನಲ್ಲಿ ಒಂದೊಂದು ರೀತಿ ಬೆಳೆದವು.

## ಇನ್ನೂ ಆಳಕ್ಕೆ

ಹಾರ್ಟ್ ಅಟ್ಯಾಕ್ ಆದ್ರೆ ಎಡಗೈ ಯಾಕೆ ನೋಯುತ್ತೆ?

ಹೃದಯದ ನೋವಿನ ಎಳೆಗಳು ಬೆನ್ನುಹುರಿಯ ಎದೆಭಾಗದ ಮೇಲಿನ ಮಟ್ಟಗಳಿಗೆ ಬರುತ್ತವೆ. ತೋಳಿನ ಒಳಬದಿಯ ಚರ್ಮದ ಸುದ್ದಿಯೂ ಅಲ್ಲಿಗೇ ಬರುತ್ತದೆ. ಎರಡಕ್ಕೂ ಮುಂದಿನ ಕೋಶ ಒಂದೇ. ಮೆದುಳಿಗೆ ಚರ್ಮದ ಸುದ್ದಿ ದಿನಾ ಬರುತ್ತದೆ, ಹೃದಯದ್ದು ಅಪರೂಪ. ಹಾಗಾಗಿ ಅದು ತೋಳು ನೋಯುತ್ತಿದೆ ಎಂದು ಓದಿಕೊಳ್ಳುತ್ತದೆ. ಪಿತ್ತಕೋಶದ ತೊಂದರೆಗೆ ಬಲ ಭುಜ ನೋಯುವುದೂ ಇದೇ ತರಹ. ಪಿತ್ತಕೋಶದ ಮೇಲಿರುವ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಭ್ರೂಣದಲ್ಲಿ ಕುತ್ತಿಗೆಯ ಹತ್ತಿರ ಹುಟ್ಟಿ ಕೆಳಗೆ ಇಳಿದದ್ದು. ಕುತ್ತಿಗೆಯ 3, 4, 5ನೇ ನರಗಳನ್ನು ಜೊತೆಗೇ ಎಳೆದುಕೊಂಡು ಬಂದಿದೆ. ಭುಜದ ಚರ್ಮಕ್ಕೂ ಅದೇ ಮಟ್ಟದ ನರ.

ಸಕ್ಕರೆ ಕಾಯಿಲೆ ಇರುವವರಲ್ಲಿ ಆ ಎಳೆಗಳೇ ಹಾಳಾಗಿ ನೋವಿಲ್ಲದೆಯೂ ಹೃದಯಾಘಾತ ಆಗಬಹುದು.

ಕೈಯ ನರ ಕತ್ತರಿಸಿದ್ರೆ ಹೊಲಿದು ಸರಿ ಮಾಡ್ತಾರೆ. ಬೆನ್ನುಹುರಿ ಯಾಕೆ ಕೂಡಲ್ಲ?

ಕೈಯಲ್ಲಿ ಆಕ್ಸಾನ್‌ಗೆ ಮಯಲಿನ್ ಸುತ್ತುವುದು ಶ್ವಾನ್ ಕೋಶ. ನರ ಕತ್ತರಿಸಿದಾಗ ಅದು ಹಳೆಯ ಕಸ ತೆಗೆದು, ಸಾಲಾಗಿ ನಿಂತು ದಾರಿ ಮಾಡಿಕೊಡುತ್ತದೆ. ಆ ದಾರಿಯಲ್ಲಿ ಆಕ್ಸಾನ್ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳಿಗೆ ತಿಂಗಳುಗಳೇ ಬೇಕು, ಅದಕ್ಕೆ ತಾಳ್ಮೆ ಇರಲಿ. ಮೆದುಳು, ಬೆನ್ನುಹುರಿಗಳಲ್ಲಿ ಮಯಲಿನ್ ಸುತ್ತುವ ಕೋಶವೇ ಬೇರೆ. ಅಲ್ಲಿ ಕಸ ನಿಧಾನಕ್ಕೆ ಹೋಗುತ್ತದೆ. ಆ ಮಯಲಿನ್‌ನಲ್ಲೇ ಬೆಳವಣಿಗೆ ತಡೆಯುವ ಪ್ರೋಟೀನುಗಳಿವೆ. ಜೊತೆಗೆ ಗಾಯದ ಕಲೆ ಅಡ್ಡ ಬರುತ್ತದೆ. ಬಿದ್ದವರನ್ನು ಎತ್ತುವಾಗ ಕುತ್ತಿಗೆ, ಬೆನ್ನು ಬಾಗದ ಹಾಗೆ ಎತ್ತಬೇಕು ಅನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆಯವರಿಗೆ ಮರಗಟ್ಟೋದು ಪಾದದಿಂದಲೇ ಶುರುವಾಗೋದು ಯಾಕೆ?

ಪಾದದ ನರಗಳೇ ಅತಿ ಉದ್ದ. ಕೋಶದ ಒಡಲಿನಿಂದ ತುದಿಯವರೆಗೆ ಸಾಮಾನು ಸಾಗಿಸಬೇಕು. ಕೋಶ ಸೊರಗಿದಾಗ ಮೊದಲು ಕೊರತೆ ಬೀಳುವುದು ತುದಿಗೆ, ಕಾಲುವೆಯ ಕೊನೆಯ ಗದ್ದೆಗೆ ನೀರು ತಪ್ಪಿದ ಹಾಗೆ. ಪಾದದಿಂದ ಮಂಡಿಯ ತನಕ ಏರುವ ಹೊತ್ತಿಗೆ ಕೈಬೆರಳಲ್ಲೂ ಶುರುವಾಗುತ್ತದೆ. ದಿನಾ ರಾತ್ರಿ ಪಾದ ನೋಡಿಕೊಳ್ಳಿ. ನೋವು ಹೇಳಬೇಕಾದ ನರ ಹೇಳುತ್ತಿಲ್ಲ, ಕಣ್ಣೇ ಆ ಕೆಲಸ ಮಾಡಬೇಕು.

ನಾಯಿ ಕಾಲಿಗೆ ಕಚ್ಚಿದ್ರೆ ನಿಧಾನ, ಮುಖಕ್ಕೆ ಕಚ್ಚಿದ್ರೆ ಬೇಗ ಅಂತಾರೆ. ಹಾಗಾದ್ರೆ ಕಾಲಿಗೆ ಕಚ್ಚಿದ್ರೆ ಎರಡು ದಿನ ತಡೀಬಹುದಾ?

ತಡೆಯಬಾರದು. ಮೊದಲ ಮಾತಿನಲ್ಲಿ ಸತ್ಯ ಇದೆ. ರೇಬಿಸ್ ವೈರಸ್ ಗಾಯದಲ್ಲಿ ನರದ ತುದಿ ಸೇರಿ, ಆಕ್ಸಾನ್ ಒಳಗಿನ ಸಾಗಣೆಯ ದಾರಿ ಹಿಡಿದೇ ಬೆನ್ನುಹುರಿಗೆ, ಮೆದುಳಿಗೆ ಹೋಗುತ್ತದೆ. ದಾರಿ ಚಿಕ್ಕದಾದರೆ ಸಾಮಾನ್ಯವಾಗಿ ಬೇಗ. ಆದರೆ ಒಮ್ಮೆ ನರದೊಳಗೆ ಹೋದರೆ ಹಿಡಿಯುವುದು ಕಷ್ಟ, ಲಕ್ಷಣ ಶುರುವಾದರೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬೇಕು. ಕಚ್ಚಿದ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಲಸಿಕೆ ಹಾಕಿಸಿ. ಗಾಯ ಆಳವಾಗಿದ್ದರೆ ಅದರ ಸುತ್ತಲೇ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ವೈರಸ್ ನರ ಸೇರುವ ಮುಂಚೆ ಹಿಡಿಯುವ ಔಷಧಿ ಅದು, ಬೇಡ ಅನ್ನಬೇಡಿ.

ಥೈರಾಯ್ಡ್ ಆಪರೇಷನ್ ಆದ್ಮೇಲೆ ಕೆಲವರ ದನಿ ಯಾಕೆ ಬದಲಾಗುತ್ತೆ?

ಇದರ ಉತ್ತರ ಮೀನಿನಿಂದ ಶುರುವಾಗುತ್ತದೆ. ಮೀನಿನಲ್ಲಿ ವೇಗಸ್ ನರದ ಒಂದು ಕವಲು ಹೃದಯದ ಹತ್ತಿರದ ರಕ್ತನಾಳದ ಹಿಂದಿನಿಂದ ಹಾದು ಕಿವಿರಿಗೆ ಹೋಗುತ್ತದೆ. ಅಲ್ಲಿ ಅದು ನೇರ ದಾರಿ. ಸಸ್ತನಿಗಳಲ್ಲಿ ಕುತ್ತಿಗೆ ಉದ್ದವಾಯಿತು, ಹೃದಯ ಎದೆಗೆ ಇಳಿಯಿತು. ರಕ್ತನಾಳಕ್ಕೆ ಸಿಕ್ಕಿಕೊಂಡಿದ್ದ ನರವೂ ಜೊತೆಗೆ ಇಳಿಯಬೇಕಾಯಿತು. ಅದು ಮುಟ್ಟಬೇಕಾದ ಧ್ವನಿಪೆಟ್ಟಿಗೆ ಮಾತ್ರ ಮೇಲೆಯೇ ಉಳಿಯಿತು. ಹಾಗಾಗಿ ಎಡಗಡೆಯ ನರ ತಲೆಯಿಂದ ಎದೆಗೆ ಇಳಿದು, ಮಹಾಪಧಮನಿಯನ್ನು ಸುತ್ತಿ, ಮತ್ತೆ ಕುತ್ತಿಗೆಗೆ ಏರುತ್ತದೆ. ಜಿರಾಫೆಯಲ್ಲಿ ಈ ಸುತ್ತು 4 ಮೀಟರ್‌ಗೂ ಹೆಚ್ಚು. ಮೆದುಳಿನಿಂದ ಧ್ವನಿಪೆಟ್ಟಿಗೆಗೆ ನೇರ ದೂರ ಅದರಲ್ಲಿ ಬಹಳ ಚಿಕ್ಕ ಪಾಲು.

ನಮ್ಮಲ್ಲಿ ಹೀಗೆ ಮೇಲೇರುವಾಗ ನರ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿದ ಹಾಗೆ ಹಾದುಹೋಗುತ್ತದೆ. ಆಪರೇಷನ್ ಹೊತ್ತಿಗೆ ಅದು ಎಳೆದಂತಾದರೆ ದನಿ ಗೊಗ್ಗರಾಗುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಸರ್ಜನ್‌ಗಳು ಗ್ರಂಥಿಗೆ ಕತ್ತರಿ ಹಾಕುವ ಮುಂಚೆ ಈ ಬಿಳಿ ದಾರವನ್ನು ಹುಡುಕಿ, ಕಣ್ಣಾರೆ ನೋಡಿಕೊಂಡೇ ಮುಂದೆ ಹೋಗುತ್ತಾರೆ.